ದಾನವೂ ನಿಬಂಧನೆಯೂ

ವಿದ್ಯೆಯನ್ನು ದಾನ ಮಾಡುವವನು ನಿಬಂಧನೆಯನ್ನು ವಿಧಿಸಬಹುದೆ? ಈ ಹಳೆಯ ಪ್ರಶ್ನೆಯು ನಮ್ಮ ಕಾಲದಲ್ಲಿ ಗಣಕಯಂತ್ರದ ಕ್ಷೇತ್ರದಲ್ಲಿ ಹೊಸ ರೂಪವನ್ನು ತಳೆದಿದೆ. ಗಣಕವನ್ನು ನಡೆಸುವ ಆದೇಶಗಳ ಸಮುಚ್ಚಯವೇ ತಂತ್ರಾಂಶ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೆಂದು ಕರ್ತೃವು ಅನುಮತಿಯಿತ್ತರೆ ಅದು ಸ್ವತಂತ್ರ ತಂತ್ರಾಂಶವೆನಿಸುತ್ತದೆ. ಈ ಅನುಮತಿಯಲ್ಲಿ ಎರಡು ಬಗೆಗಳುಂಟು.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1989ರಲ್ಲಿ ಪ್ರಕಟಿಸಿದ ಜಿ.ಪಿ.ಎಲ್. ಪರವಾನಗಿಯದು ಮೊದಲನೆಯ ಬಗೆ. ತಿದ್ದಿದ ಕೃತಿಯನ್ನು ಪರರಿಗೆ ಕೊಡುವವನು ಅದರ ಮೂಲಪಾಠವನ್ನೂ ಅದೇ ಹಕ್ಕುಗಳೊಡನೆ ಕೊಡತಕ್ಕದ್ದೆಂಬುದು ಅದರ ಕಟ್ಟಳೆ. ಇದಕ್ಕೆ ‘ಕಾಪಿಲೆಫ್ಟ್’ ಎಂದು ಹೆಸರು. ಬರ್ಕ್‌ಲಿಯ ವಿಶ್ವವಿದ್ಯಾನಿಲಯದಿಂದ ಬಂದ ಬಿ.ಎಸ್.ಡಿ. ಪರವಾನಗಿಯದು ಎರಡನೆಯ ಬಗೆ. ಇಲ್ಲಿ ಕರ್ತೃವಿನ ಹಕ್ಕುಸೂಚನೆಯನ್ನು ಉಳಿಸಿಕೊಂಡರೆ ಸಾಕು. ತಿದ್ದಿದ ಪಾಠವನ್ನು ಮುಚ್ಚಿಟ್ಟು ಮಾರಿದರೂ ಆಕ್ಷೇಪವಿಲ್ಲ.

ಎರಡನೆಯ ಪಕ್ಷದವರ ವಾದವು ಹಗುರವಾದುದಲ್ಲ. ಕಟ್ಟಳೆಯುಳ್ಳ ಸ್ವಾತಂತ್ರ್ಯವು ವದತೋವ್ಯಾಘಾತವಲ್ಲವೆ ಎಂದು ಅವರು ಕೇಳುತ್ತಾರೆ. ಎಲ್ಲೆಡೆ ಬೇಗನೆ ಹಬ್ಬಬೇಕಾದ ವಸ್ತುವಿಗೆ ಸಡಿಲ ಅನುಮತಿಯೇ ಲೇಸೆಂಬುದೂ ದಿಟ. ಧ್ವನಿಸಂಗ್ರಹದ ‘ವೋರ್ಬಿಸ್’ ವಿಧಾನಕ್ಕೆ ಅಂತಹ ಪರವಾನಗಿಯನ್ನು 2001ರಲ್ಲಿ ಸ್ಟಾಲ್‌ಮನ್ನರೇ ಅನುಮೋದಿಸಿದರು.

ಆದರೆ ಫಲವನ್ನು ನೋಡಬೇಕು. ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮರ ‘ಮಿನಿಕ್ಸ್’ ತಂತ್ರಾಂಶವು ಸಡಿಲ ಪರವಾನಗಿಯದು. ಇಂಟೆಲ್ ಸಂಸ್ಥೆಯ ಚಿಪ್ಪುಗಳೊಳಗೆ ಅದು ಸದ್ದಿಲ್ಲದೆ ನಡೆಯುತ್ತಿದ್ದುದು 2017ರಲ್ಲಿ ಬೆಳಕಿಗೆ ಬಂದಿತು. ಕರ್ತೃವು ಅದಕ್ಕಾಗಿ ಪರವಾನಗಿಯನ್ನು ಹಳಿಯಲಿಲ್ಲ. ಆದರೆ ಯಂತ್ರವನ್ನು ಹಣ ತೆತ್ತು ಕೊಂಡವನಿಗೆ ಅದರೊಳಗಿನ ಪಾಠವನ್ನು ಓದುವ ಹಕ್ಕು ದೊರೆಯಲಿಲ್ಲ. ಇದಕ್ಕೆ ಪ್ರತಿಯಾಗಿ, ಲಿಂಕ್ಸಿಸ್ ಸಂಸ್ಥೆಯ ರೌಟರಿನಲ್ಲಿ ಜಿ.ಪಿ.ಎಲ್.ಗೆ ಒಳಪಟ್ಟ ಲಿನಕ್ಸ್ ಇದ್ದುದರಿಂದ 2003ರಲ್ಲಿ ಅದರ ಮೂಲಪಾಠವನ್ನು ಪ್ರಕಟಿಸಬೇಕಾಯಿತು. ಅದನ್ನಾಧರಿಸಿ ಉತ್ಸಾಹಿಗಳು ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಸ್ವತಂತ್ರ ತಂತ್ರಾಂಶವನ್ನು ಬೆಳೆಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಆದ್ದರಿಂದ ಇಲ್ಲಿ ವಿಚಾರಿಸತಕ್ಕದ್ದು ಯಾರ ಸ್ವಾತಂತ್ರ್ಯವೆಂಬುದನ್ನು. ಸಡಿಲ ಪರವಾನಗಿಯು ಮೊದಲು ಪಡೆದವನ ಸ್ವಾತಂತ್ರ್ಯವನ್ನು ಕಾಯುತ್ತದೆ; ಕಾಪಿಲೆಫ್ಟ್ ಕೊನೆಗೆ ಪಡೆಯುವವನ ಸ್ವಾತಂತ್ರ್ಯವನ್ನೂ ಕಾಯುತ್ತದೆ. ವಿದ್ಯಾರ್ಥಿವೇತನಕ್ಕೆ ದತ್ತಿಯಿಡುವ ಮಹನೀಯರು, ಬಡ್ಡಿಯನ್ನು ಬಳಸಿರಿ, ಮೂಲಧನವನ್ನು ಕರಗಿಸದಿರಿ ಎಂದು ಬರೆಯಿಸುತ್ತಾರೆ. ಅದನ್ನು ಯಾರೂ ಜಿಪುಣತನವೆನ್ನರು. ಇನ್ನೂ ಹುಟ್ಟದ ಮಗುವಿನ ಪಾಲನ್ನು ಕಾಯುವ ಔದಾರ್ಯವದು.

ಕನ್ನಡ ವಿಕಿಪೀಡಿಯದ ಲೇಖನಗಳೂ ಇಂಥದೇ ಕಟ್ಟಳೆಗೆ ಒಳಪಟ್ಟಿವೆ. ಪಾಠಗಳನ್ನೂ ಪದಕೋಶಗಳನ್ನೂ ಗಣಕಕ್ಕೇರಿಸುವ ನಮ್ಮ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ, ಅವನ್ನು ಲೋಕಕ್ಕೊಪ್ಪಿಸುವ ಮುನ್ನ ಪರವಾನಗಿಯ ಒಂದು ವಾಕ್ಯವನ್ನು ವಿವೇಚಿಸಿ ಬರೆಯಲೆಂಬುದು ನನ್ನ ವಿನಮ್ರ ಅಭಿಪ್ರಾಯ.