ವೀರಗಲ್ಲು ಚರಂಡಿಯ ಚಪ್ಪಡಿಯಲ್ಲ

ಕ್ರಿ.ಶ. 750ರ ಸುಮಾರು, ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲದಲ್ಲಿ, ಇವತ್ತಿನ ಬೆಂಗಳೂರಿನ ಹೆಬ್ಬಾಳದ ಮೇಲೆ ದಾಳಿ ಬಂತು. ಕಿತ್ತಯ ಎಂಬವನು ಎದುರು ನಿಂತು ಹೋರಾಡಿ ಸತ್ತ. ಅವನ ಹೆಸರು, ಅವನು ಸತ್ತ ಬಗೆ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ ವೀರಗಲ್ಲು ನಿಲ್ಲಿಸಿದರು. ಗಂಗರು ಹೋದರು, ಚೋಳರು ಬಂದು ಹೋದರು, ಹೊಯ್ಸಳರು, ವಿಜಯನಗರದವರು, ಬ್ರಿಟಿಷರು ಎಲ್ಲರೂ ಹೋದರು. ಕಲ್ಲು ಉಳಿಯಿತು. 2018ರಲ್ಲಿ ಕಾಮಗಾರಿಯ ಅಗೆತದಲ್ಲಿ ಅದು ಕಣ್ಣಿಗೆ ಬಿದ್ದಾಗ ಬಲ್ಲವರು ಗುರುತಿಸದೆ ಹೋಗಿದ್ದರೆ, ಹನ್ನೆರಡು ಶತಮಾನ ದಾಟಿ ಬಂದದ್ದು ಒಂದು ಟ್ರ್ಯಾಕ್ಟರ್ ಮಣ್ಣಿನ ಜೊತೆ ಹಳ್ಳ ತುಂಬಲು ಹೋಗುತ್ತಿತ್ತು. ಆಮೇಲೆ ಊರಿನವರೂ ಆಸಕ್ತರೂ ಕೈಯಿಂದ ಹಣ ಹಾಕಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಜನ ಕೂಡಿ ಕಟ್ಟಿದ ಸೈನಿಕ ಸ್ಮಾರಕ ಅದು. ಅಂಥದ್ದು ಒಂದು ಉಳಿಯಿತೆಂದು ಸಮಾಧಾನ ಪಟ್ಟುಕೊಳ್ಳಲು ನನಗಂತೂ ಆಗುತ್ತಿಲ್ಲ. ಯಾರ ಕಣ್ಣಿಗೂ ಬೀಳದೆ ಪುಡಿಯಾದವುಗಳ ಲೆಕ್ಕ ಕೊಡುವವರು ಯಾರು?

ಲೆಕ್ಕ ಬರೆದಿಟ್ಟವರು ಹಿಂದೆ ಇದ್ದರು. ಶಾಸನ ಸಂಶೋಧಕ ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಓದಿಸಿ, ಬೆಂಗಳೂರು ಜಿಲ್ಲೆಯದನ್ನೇ ಒಂದು ಸಂಪುಟವಾಗಿ 1905ರಲ್ಲಿ ಅಚ್ಚು ಹಾಕಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ ಅದು. ಯಾವ ಊರು, ಊರಿನ ಯಾವ ದಿಕ್ಕು, ಯಾರ ಹೊಲ ಎಂದೆಲ್ಲ ಬರೆದಿಟ್ಟಿದ್ದಾರೆ. ಇವತ್ತು ಆ ಪುಸ್ತಕ ಹಿಡಿದು ಹುಡುಕುತ್ತ ಹೋದರೆ ಹೊಲವಿದ್ದಲ್ಲಿ ಅಪಾರ್ಟ್‌ಮೆಂಟ್ ಇದೆ, ಕೆರೆ ಏರಿ ಇದ್ದಲ್ಲಿ ರಸ್ತೆ ಇದೆ. ಕಲ್ಲು ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ಆಗ ಓಡಾಡಲು ಜೀಪಿಲ್ಲ. ಆದರೂ ಅವರು ದಾಖಲೆ ಮಾಡಿದರು. ಎಲ್ಲ ಇರುವ ನಾವು ಕಳೆದೆವು.

ನಗರದ ಹೊರವಲಯದ ಒಂದು ಹಳ್ಳಿಯಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಹೊಸ ಲೇಔಟಿನ ಚರಂಡಿಯ ಮೇಲೆ ಸೊಂಟದುದ್ದದ ಚಪ್ಪಡಿ. ಮೇಲಿನಿಂದ ನೋಡಿದರೆ ಬರೀ ಕಲ್ಲು. ಬಗ್ಗಿ ಅಡಿಯಿಂದ ನೋಡಿದಾಗ ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಹುಡುಗ ಬಿಲ್ಲು ಎಳೆದು ನಿಂತಿದ್ದಾನೆ. ಮೀಸೆ ಕಾಣದ ಮುಖ, ತಲೆಗೆ ಎತ್ತಿ ಕಟ್ಟಿದ ತುರುಬು. ಕಾಲ ಸಂದಿಯಲ್ಲಿ ದನಗಳ ಕೊಂಬು. ತುರುಗೋಳಿನಲ್ಲಿ, ಊರ ದನ ಬಿಡಿಸಲು ಹೋಗಿ, ಸತ್ತವನು. ಅದರ ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ಎರಡೂ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಲಿಂಗವೂ ಸೂರ್ಯಚಂದ್ರರೂ ಇರಬೇಕಾದ ತುದಿಯ ಭಾಗವನ್ನು ಅಳತೆಗೆ ಕೂರಲಿಲ್ಲವೆಂದು ಒಡೆದು ಎಸೆದಿದ್ದರು. ಒಡೆದ ಅಂಚು ಇನ್ನೂ ಬೆಳ್ಳಗಿತ್ತು. "ಹಳೇ ಕಲ್ಲು ಸಾರ್, ಬಿದ್ದಿತ್ತು, ಹಾಕಿದ್ವಿ" ಎಂದ ಕಂಟ್ರ್ಯಾಕ್ಟರ್ ಕಡೆಯವನು. ಪಕ್ಕದಲ್ಲೇ ನಿಂತಿದ್ದ ಅಜ್ಜಿ ಹೇಳಿದಳು: "ಬಿದ್ದಿರ್ಲಿಲ್ಲ ಕಣಪ್ಪ, ನಿಂತಿತ್ತು. ಯುಗಾದಿಗೆ ಎಣ್ಣೆ ಹಚ್ಚಿ ಹೂವ ಇಡ್ತಿದ್ವಿ. ಕೀಳ್ಬೇಡಿ ಅಂದ್ರೆ ಯಾರು ಕೇಳ್ತಾರೆ?"

ಯಾರೂ ಕೇಳಲಿಲ್ಲ. ಲೇಔಟಿಗೆ ಮಂಜೂರಾತಿ ಕೊಟ್ಟ ಕಚೇರಿ ಕೇಳಲಿಲ್ಲ. ಅಳತೆ ಮಾಡಿ ನಕ್ಷೆ ಬರೆದವರು ಕೇಳಲಿಲ್ಲ. ಬಾವಿ, ಸ್ಮಶಾನ, ಗುಂಡುತೋಪು ಎಲ್ಲಕ್ಕೂ ನಕ್ಷೆಯಲ್ಲಿ ಗುರುತಿದೆ. ಈ ಊರಿಗಾಗಿ ಸತ್ತವನ ಕಲ್ಲಿಗೆ ಒಂದು ಚುಕ್ಕೆಯೂ ಇಲ್ಲ. 1961ರ ರಾಜ್ಯ ಕಾಯ್ದೆ ಕಾಯುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಸ್ಮಾರಕಗಳನ್ನು. ಹೊಲದ ಬದುವಿನ ವೀರಗಲ್ಲು ಆ ಪಟ್ಟಿಯಲ್ಲಿರುವುದಿಲ್ಲ. ಪಟ್ಟಿಯಲ್ಲಿಲ್ಲ ಎಂದಮೇಲೆ ಆ ಕಾಯ್ದೆಯ ಲೆಕ್ಕದಲ್ಲಿ ಒಡೆದವನು ಅಪರಾಧಿಯಲ್ಲ. ಎಂಥ ನ್ಯಾಯ ಸ್ವಾಮಿ ಇದು? ಪಟ್ಟಿ ಮಾಡಬೇಕಾದವರು ಮಾಡಲಿಲ್ಲ, ಆ ತಪ್ಪಿಗೆ ಶಿಕ್ಷೆ ಕಲ್ಲಿಗೆ.

ಕಲ್ಲುಗಳನ್ನು ಹಾಳು ಮಾಡುವುದು ಲೇಔಟಿನ ಜೆಸಿಬಿ ಒಂದೇ ಅಲ್ಲ. ವೀರಗಲ್ಲಿನಡಿ ಹೊನ್ನಿದೆ ಎಂದು ನಂಬಿ ರಾತ್ರೋರಾತ್ರಿ ಗುಂಡಿ ತೋಡುವ ನಿಧಿಗಳ್ಳರಿದ್ದಾರೆ. ಜೀರ್ಣೋದ್ಧಾರದ ಹೆಸರಿನಲ್ಲಿ ಅಕ್ಷರದ ಮೇಲೆ ಸಿಮೆಂಟ್ ಮೆತ್ತುವ ದೇವಸ್ಥಾನ ಸಮಿತಿಗಳಿವೆ. ಆಯಿಲ್ ಪೇಂಟ್ ಬಳಿದು ಓದಲಾಗದಂತೆ ಮಾಡುವ ಭಕ್ತರಿದ್ದಾರೆ. ಪೇಂಟ್ ಬಳಿದವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಕೈಮುಗಿದಾದರೂ ಬಳಿದರು. ಸಿಟ್ಟಿರುವುದು ಓದು ಬಲ್ಲವರ ಮೇಲೆ, ಸೀಲು ಸಹಿ ಇಟ್ಟುಕೊಂಡವರ ಮೇಲೆ.

ಅಂದು ಈ ಕಲ್ಲು ನಿಲ್ಲಿಸಿದವರು ಬರೀ ಮಾತಿನಲ್ಲಿ ಗೌರವ ತೋರಿಸಿದವರಲ್ಲ. ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟುಕೊಡುತ್ತಿದ್ದರು. ಕೊಟ್ಟದ್ದನ್ನು ಕಲ್ಲಿನಲ್ಲೇ ಬರೆಸಿ, ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಎಂದು ಶಾಪವನ್ನೂ ಹಾಕುತ್ತಿದ್ದರು. ಮುಂದೆ ಯಾರಾದರೂ ಕೈಹಾಕಿಯಾರು ಎಂಬ ಅಂಜಿಕೆ ಅವರಿಗಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949ರ ಸುಮಾರಿಗೆ ಒಂದು ನಾಯಿಗೂ ಕಲ್ಲು ನಿಲ್ಲಿಸಿದರು. ಕಾಳಿ ಅದರ ಹೆಸರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರ, ಏನು ಬೇಕು ಎಂದು ಒಡೆಯ ಕೇಳಿದಾಗ ಬೇಡಿ ಪಡೆದ ನಾಯಿ. ಹಂದಿಯೊಡನೆ ಕಾದಿ ಸತ್ತ ಅದಕ್ಕೂ ಪೂಜೆ ನಡೆಯಲೆಂದು ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕ್ಷೇಮವಾಗಿದೆ. ನಾಯಿಯ ಋಣವನ್ನೂ ಮರೆಯದ ಜನ ಈ ನಾಡಿನವರು. ಅವರ ಮಕ್ಕಳು ನಾವು ಮನುಷ್ಯನ ಕಲ್ಲನ್ನು ಚರಂಡಿಗೆ ಹಾಸಿದ್ದೇವೆ.

ಬೇಗೂರಿನ ಕಲ್ಲು ನೋಡಿ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದು ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲಿನಲ್ಲಿ. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಸತ್ತ ಎಂಬ ಸುದ್ದಿ ಅದರಲ್ಲಿದೆ. ಕೋಟಿಗಟ್ಟಲೆ ವಹಿವಾಟಿನ ಈ ಮಹಾನಗರಕ್ಕೆ ಹೆಸರಿನ ದಾಖಲೆ ಬಂದಿರುವುದೇ ಸತ್ತ ಯೋಧನೊಬ್ಬನಿಂದ. ಆ ಕಲ್ಲೇ ಎಷ್ಟೋ ಕಾಲ ಹೇಳುವವರು ಕೇಳುವವರಿಲ್ಲದೆ ಇತ್ತು ಎಂದರೆ ಹೆಸರಿಲ್ಲದ ಹಳ್ಳಿಯ ಕಲ್ಲಿನ ಪಾಡೇನು?

ಇದೇ ನಗರದಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನವಿದೆ. ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ ಸಾವಿರಾರು ಯೋಧರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ. ಅಲ್ಲಿಗೆಂದು 75 ಅಡಿಯ ಏಕಶಿಲೆಯನ್ನು ದೇವನಹಳ್ಳಿ ಕಡೆಯಿಂದ ಸಾಗಿಸಿ ತಂದು ಅದಕ್ಕೆ ವೀರಗಲ್ಲು ಎಂದೇ ಹೆಸರಿಟ್ಟರು. ಮಾಡಿದ್ದು ಸರಿ. ಆ ಹೆಸರುಗಳ ಮುಂದೆ ನಿಂತಾಗ ನನಗೂ ಗಂಟಲು ಕಟ್ಟುತ್ತದೆ. ಆದರೆ ಅಷ್ಟು ದೊಡ್ಡ ಬಂಡೆಯನ್ನು ಹೊತ್ತು ತರುವ ಶಕ್ತಿಯಿರುವ ಸರ್ಕಾರಕ್ಕೆ, ನಿಂತಲ್ಲೇ ನಿಂತಿರುವ ನಾಲ್ಕು ಅಡಿಯ ಕಲ್ಲನ್ನು ಕೀಳಬೇಡಿ ಎಂದು ಒಂದು ಸುತ್ತೋಲೆ ಕಳಿಸಲು ಏನು ಅಡ್ಡಿ?

ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು ಹೋದರೂ ಅಕ್ಷರ ಉಳಿಯಲಿ ಎಂಬ ಕೆಲಸ ಅದು, ಅವರಿಗೆ ನಾಡು ಋಣಿ. ಆದರೆ ಕಲ್ಲು ಹೋಗಲೇಬೇಕೆಂದು ಯಾರು ಬರೆದಿಟ್ಟಿದ್ದಾರೆ? ಹುಡುಕಿದ್ದು ಕಣ್ಣೆದುರಿದೆ. ಅದನ್ನು ಗ್ರಾಮ ನಕ್ಷೆಗೆ ಏರಿಸುವುದು ಕಂದಾಯ ಇಲಾಖೆಯ ಕೆಲಸ. ಸರ್ವೆ ನಂಬರಿನಲ್ಲಿ ವೀರಗಲ್ಲೋ ಮಾಸ್ತಿಗಲ್ಲೋ ಇದೆಯೇ ಎಂದು ಸ್ಥಳಕ್ಕೆ ಹೋಗಿ ನೋಡದೆ ಯಾವ ಬಡಾವಣೆಯ ಫೈಲೂ ಮೇಜಿನಿಂದ ಮೇಜಿಗೆ ಹೋಗಬಾರದು. ಕಲ್ಲು ನಿಂತ ಜಾಗವನ್ನು ಉದ್ಯಾನದ ಪಾಲಿನಲ್ಲೇ ಬಿಡಲಿ. ಲೇಔಟಿಗೆ ಪಾರ್ಕು ಹೇಗೂ ಬೇಕು, ಆ ಪಾರ್ಕು ಕಲ್ಲಿನ ವೀರನದಾಗಲಿ. ಒಡೆದವನಿಗೆ ದಂಡ ಸಾಲದು, ಲೈಸೆನ್ಸ್ ಹೋಗಬೇಕು.

ಆ ಹಳ್ಳಿಯ ಚಪ್ಪಡಿಯ ಬಗ್ಗೆ ನಾನು ಬರೆದುಕೊಟ್ಟ ಅರ್ಜಿ ಯಾವ ಕಚೇರಿಯಲ್ಲಿದೆಯೋ ಅವರಿಗೆ ಹೇಳುತ್ತೇನೆ: ಅದನ್ನು ಎತ್ತಿಸಿ, ಒಡೆದ ತುಂಡು ಹುಡುಕಿಸಿ, ಅಜ್ಜಿ ತೋರಿಸಿದ ಜಾಗದಲ್ಲೇ ನಿಲ್ಲಿಸಿ. ಕೀಳಲು ಯಾರು ಹೇಳಿದರು, ಯಾರು ಸಹಿ ಹಾಕಿದರು ಎಂಬುದನ್ನು ಊರ ಮುಂದೆ ಓದಿ ಹೇಳಿ.