ಮಕ್ಕಳು ಬೇಡವೆಂದವರ ಮೇಲೇಕೆ ಈ ಸಿಟ್ಟು?

ನಮ್ಮ ಗಿರಣಿ ಚಾಳಿನ ಒಂದು ಮನೆಯಲ್ಲಿ ಕಳೆದ ತಿಂಗಳು ಕುಬುಸದ ಕಾರ್ಯ ನಡೆಯಿತು. ಬಸುರಿಗೆ ತೊಡಿಸಿದ ಹಸಿರು ಕುಬುಸವನ್ನು ಹೊಲಿದವಳು ಅದೇ ಸಾಲಿನ ನಾಲ್ಕನೆಯ ಮನೆಯ ಹೆಣ್ಣುಮಗಳು. ನೆರೆಯವರ ಶುಭಕಾರ್ಯವೆಂದು ಹೊಲಿಗೆಯ ಕೂಲಿಯನ್ನೂ ಆಕೆ ತೆಗೆದುಕೊಳ್ಳಲಿಲ್ಲ. ಆದರೆ ಉಡಿ ತುಂಬುವ ಹೊತ್ತಿಗೆ ಹಿರಿಯಳೊಬ್ಬಳು ಆಕೆಯ ಕೈಯೊಳಗಿನ ಆರತಿ ತಟ್ಟೆಯನ್ನು ಮೆಲ್ಲಗೆ ಇಸಿದುಕೊಂಡು, "ನೀ ಸ್ವಲ್ಪ ಆಚೆ ನಿಂದ್ರವಾ" ಎಂದಳಂತೆ. ಆಕೆ ಆಚೆ ನಿಂತಳು. ಊಟಕ್ಕೆ ನಿಲ್ಲದೆ ಮನೆಗೆ ಹೋದಳು. ಅವಳು ಹೊಲಿದ ಕುಬುಸ ನಡೆಯುತ್ತದೆ, ಅವಳು ಹಚ್ಚುವ ಕುಂಕುಮ ನಡೆಯುವುದಿಲ್ಲ!

ಈ ಸಂಗತಿಯನ್ನು ನನಗೆ ಹೇಳಿದವಳು ನನ್ನ ಹೆಂಡತಿ. ಅದೇ ಕಾರ್ಯದಲ್ಲಿ ಆ ಹೆಣ್ಣುಮಗಳ ಗಂಡ, ನೂಲಿನ ಗಿರಣಿಯಲ್ಲಿ ಮೊದಲ ಪಾಳಿ ಮುಗಿಸಿ ಬಂದವನು, ಹೊರಗೆ ಗಂಡಸರ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ. ನಾನೂ ಅವನ ಮಗ್ಗುಲಲ್ಲಿಯೇ ಇದ್ದೆ. ಅವನನ್ನು ಯಾರೂ ಏಳು ಅನ್ನಲಿಲ್ಲ. ಹೋಳಿಗೆಯ ಮೇಲೆ ಎರಡು ಸಲ ತುಪ್ಪ ಹಾಕಿದರು. ಒಳಗೆ ಏನಾಯಿತೆಂಬುದು ಅವನಿಗೆ ಗೊತ್ತಾದದ್ದು ಮನೆಗೆ ಹೋದ ಮೇಲೆ. ಮಕ್ಕಳಿಲ್ಲದಿರುವುದು ಇಬ್ಬರಿಗೂ ಸೇರಿದ ಮಾತು, ದಂಡ ಕಟ್ಟಿದವಳು ಮಾತ್ರ ಒಬ್ಬಳೇ.

ಇವರ ಮದುವೆಯಾಗಿ ಒಂಬತ್ತು ವರ್ಷ. ದೇವರು ಕೊಡಲಿಲ್ಲವೆಂದು ಜನ ತಿಳಿದಿದ್ದಷ್ಟು ದಿನ ಕನಿಕರವಾದರೂ ಇತ್ತು. ಹರಕೆ ಹೇಳುವವರು, ತಾಯತ ತಂದುಕೊಡುವವರು, ಹುಬ್ಬಳ್ಳಿಯ ಡಾಕ್ಟರರ ವಿಳಾಸ ಕೊಡುವವರು ಬಂದು ಹೋಗುತ್ತಿದ್ದರು. ಒಂದು ದಿನ ಬೇಸತ್ತ ಆಕೆ, "ಆಗವಲ್ದು ಅಂತಲ್ರಿ, ನಮಗ ಬ್ಯಾಡಾಗ್ಯಾವ" ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಅಂದಿನಿಂದ ಕನಿಕರ ಹೋಯಿತು, ಸಿಟ್ಟು ಬಂತು. ಮಕ್ಕಳಾಗದವಳನ್ನು ನಾವು ಅರ್ಧ ಕ್ಷಮಿಸುತ್ತೇವೆ. ಬೇಡವೆಂದವಳನ್ನು ಕ್ಷಮಿಸುವುದೇ ಇಲ್ಲ.

ಯಾಕವ್ವಾ ಎಂದು ನಾನೂ ಕೇಳಿದೆ. ಮಾಸ್ತರಿಕೆ ಬಿಟ್ಟರೂ ಪ್ರಶ್ನೆ ಕೇಳುವ ಚಟ ಬಿಟ್ಟಿಲ್ಲ. "ನನ್ನ ಹನ್ನೊಂದನೇ ವರ್ಷಕ್ಕ ಅವ್ವ ಸತ್ತಳ್ರಿ ಮಾಸ್ತರ. ತಮ್ಮಂದಿರು, ತಂಗ್ಯಾರು ಕೂಡಿ ನಾಕು ಮಂದೀನ ಎತ್ತಿ ಆಡಿಸಿ ದೊಡ್ಡವರನ್ನ ಮಾಡೇನಿ. ಇನ್ನ ಸಾಕು ಅನಸ್ತು. ಇವರಿಗೆ ಮದವಿ ಮುಂಚೇನ ಹೇಳಿದ್ದೆ" ಎಂದಳು. ಗಂಡ ಬಾಗಿಲಲ್ಲಿ ನಿಂತು "ಹೌದ್ರಿ, ಹೇಳಿದ್ಳು" ಎಂದ. ಮುಗಿಯಿತು. ದೇಶಸೇವೆಯ ಮಾತಿಲ್ಲ, ಬಡತನದ ಗೋಳಿಲ್ಲ.

ಇಷ್ಟು ಸಾದಾ ಉತ್ತರ ನಮ್ಮ ಜನಕ್ಕೆ ಸಾಲುವುದಿಲ್ಲ. ಚಹಾದಂಗಡಿಯಲ್ಲಿ ಈ ಮಾತು ಬಂದಾಗ ನಾಲ್ಕು ಜನ ಒಂದೇ ಉಸಿರಿನಲ್ಲಿ "ಸ್ವಾರ್ಥಿಗಳು" ಎಂದರು. ಆ ಅಂಗಡಿಯ ಗೋಡೆಯ ಮೇಲೆ ಜಯಪ್ರಕಾಶ ನಾರಾಯಣರ ಫೋಟೋ ಇದೆ. ಅದರ ಕೆಳಗೆ ಕುಳಿತೇ ಹೀಗೆಂದರು. ಜೆ.ಪಿ. ಮತ್ತು ಪ್ರಭಾವತಿ ದೇವಿಯವರ ಮದುವೆಯಾದದ್ದು 1920ರಲ್ಲಿ. 1922ರಲ್ಲಿ ಜೆ.ಪಿ. ಓದಲು ಅಮೇರಿಕೆಗೆ ಹೋದರು. ಪ್ರಭಾವತಿ ಸಾಬರಮತಿ ಆಶ್ರಮದಲ್ಲಿ ಕಸ್ತೂರಬಾ ಅವರ ಮಗಳಂತೆ ಇದ್ದು, ಅಲ್ಲಿಯೇ ಬ್ರಹ್ಮಚರ್ಯದ ವ್ರತ ಹಿಡಿದರು. 1929ರಲ್ಲಿ ಗಂಡ ತಿರುಗಿ ಬಂದದ್ದು ಮಾರ್ಕ್ಸ್‌ವಾದಿಯಾಗಿ! ಆದರೂ ಅವರು ಹೆಂಡತಿಯ ನಿಶ್ಚಯಕ್ಕೆ ತಲೆಬಾಗಿದರು. 1973ರಲ್ಲಿ ಪ್ರಭಾವತಿ ತೀರಿಕೊಳ್ಳುವವರೆಗೂ ಇಬ್ಬರೂ ಕೂಡಿಯೇ ಬಾಳಿದರು. ಮಕ್ಕಳಿಲ್ಲ. ಇದನ್ನು ನಾವು ತ್ಯಾಗವೆಂದು ಭಾಷಣಗಳಲ್ಲಿ ಹೇಳುತ್ತೇವೆ. ನಾನೂ ಹೇಳಿದ್ದೇನೆ.

ಇನ್ನೊಂದು ಜೋಡಿ ಮುಂಬಯಿಯ ರಘುನಾಥ ಧೋಂಡೋ ಕರ್ವೆ ಮತ್ತು ಮಾಲತಿಬಾಯಿ. ವಿಧವೆಯರ ಶಿಕ್ಷಣಕ್ಕಾಗಿ ದುಡಿದ ಮಹರ್ಷಿ ಕರ್ವೆಯವರ ಮಗ ಈತ. ಇವರದು ವ್ರತದ ದಾರಿಯಲ್ಲ, ವಿಜ್ಞಾನದ ದಾರಿ. ಗಣಿತದ ಪ್ರಾಧ್ಯಾಪಕರಾಗಿದ್ದವರು 1921ರಲ್ಲಿ ಮುಂಬಯಿಯಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯ ತೆರೆದರು. ಆ ವಿಚಾರಗಳಿಗಾಗಿ ಪ್ರಾಧ್ಯಾಪಕರ ಕೆಲಸ ಹೋಯಿತು. 1927ರಿಂದ 1953ರಲ್ಲಿ ಸಾಯುವವರೆಗೂ 'ಸಮಾಜಸ್ವಾಸ್ಥ್ಯ' ಎಂಬ ಮಾಸಪತ್ರಿಕೆ ನಡೆಸಿದರು. ಅಶ್ಲೀಲವೆಂದು ಖಟ್ಲೆ ಹೂಡಿದರು. 1934ರ ಖಟ್ಲೆಯಲ್ಲಿ ಅವರ ಪರವಾಗಿ ವಕೀಲರಾಗಿ ನಿಂತವರು ಡಾ. ಅಂಬೇಡಕರರು. ಖಟ್ಲೆ ಸೋತಿತು, ದಂಡ ಬಿತ್ತು. ಗಂಡಹೆಂಡಿರು ಮಕ್ಕಳು ಬೇಡವೆಂದು ನಿಶ್ಚಯಿಸಿದರು. ನಿಶ್ಚಯಿಸಿದ ಮೇಲೆ ಶಸ್ತ್ರಕ್ರಿಯೆಗೆ ಮೈಯೊಡ್ಡಿದವರು ರಘುನಾಥರು. ಅದನ್ನು ಹೆಂಡತಿಯ ಮೈಮೇಲೆ ಹಾಕಲಿಲ್ಲ.

ಈ ಒಂದು ಮಾತನ್ನು ಗಂಡಸರಾದ ನಾವು ನಿಂತು ಯೋಚಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ 100 ಮಂದಿ ವಿವಾಹಿತೆಯರಲ್ಲಿ ಸುಮಾರು 38 ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಅವರ ಗಂಡಂದಿರಲ್ಲಿ ಮಾಡಿಸಿಕೊಂಡವರು ಎಷ್ಟು? ನೂರಕ್ಕಲ್ಲ, ಸಾವಿರಕ್ಕೆ 3. ಗಂಡಸಿನ ಶಸ್ತ್ರಕ್ರಿಯೆ ಹೆಂಗಸಿನದಕ್ಕಿಂತ ಸುಲಭವಾದದ್ದು, ಬೇಗ ಮುಗಿಯುವಂಥದ್ದು. ಹೀಗಿದ್ದೂ ಮಕ್ಕಳು ಬೇಕೆಂದರೆ ಹೆರುವವಳು ಅವಳು, ಸಾಕೆಂದರೆ ಹೊಟ್ಟೆ ಕೊಯ್ಸಿಕೊಳ್ಳುವವಳು ಅವಳು, ಬೇಡವೆಂದರೆ ಆರತಿ ತಟ್ಟೆ ಕಳೆದುಕೊಳ್ಳುವವಳೂ ಅವಳೇ. ಗಿರಣಿಯಲ್ಲಿ ಯಾರಾದರೂ ಹೀಗೆ ಕೆಲಸ ಹಂಚಿದರೆ ನಾವು ಮರುದಿನವೇ ಬಾಗಿಲ ಮುಂದೆ ಕೂಡುತ್ತೇವೆ.

ಜೆ.ಪಿ. ದೊಡ್ಡವರು, ಕರ್ವೆ ದೊಡ್ಡವರು, ಅವರ ಮಾತೇ ಬೇರೆ ಎಂದು ಕೆಲವರು ಹೇಳುವರು. ನನ್ನ ತಕರಾರು ಇರುವುದೇ ಇಲ್ಲಿ. ದೊಡ್ಡವರು ಬೇಡವೆಂದರೆ ತ್ಯಾಗ, ಬಾಬಿನ್ ಬದಲಿಸುವವನ ಹೆಂಡತಿ ಬೇಡವೆಂದರೆ ಪಾಪ! ತನ್ನ ಮೈಯ ಮೇಲೆ ತನಗೆ ಅಧಿಕಾರ ಬರಬೇಕಾದರೆ ಮೊದಲು ಜೇಲಿಗೆ ಹೋಗಿ ಬರಬೇಕೋ? "ಇನ್ನ ಸಾಕು ಅನಸ್ತು" ಎಂಬುದು ನನಗೆ ಪೂರ್ತಿ ಕಾರಣವಾಗಿಯೇ ಕಾಣುತ್ತದೆ. ಮಕ್ಕಳು ಯಾಕೆ ಬೇಕೆಂದು ನಾವು ಯಾರನ್ನೂ ಕೇಳುವುದಿಲ್ಲವಷ್ಟೆ. ನನಗೆ ಇಬ್ಬರು ಮಕ್ಕಳು. ನನ್ನನ್ನೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಹೆಣ್ಣುಮಗಳಷ್ಟು ನೇರವಾದ ಉತ್ತರ ನನ್ನ ಹತ್ತಿರ ಇರಲಿಲ್ಲ.

ಬೈಯುವವರೆಲ್ಲರೂ ಕೆಟ್ಟವರಲ್ಲ. ನಮ್ಮ ಬಜಾರದ ಕಿರಾಣಿ ಅಂಗಡಿಯವರೊಬ್ಬರು ಕಳಕಳಿಯಿಂದಲೇ ಕೇಳಿದರು: "ಅಲ್ರೀ, ನಾಳೆ ಮುಪ್ಪಿಗೆ ಒಂದು ತಂಬಿಗೆ ನೀರು ಕೊಡೋರು ಯಾರು?" ಇದು ಅಂಜಿಕೆಯ ಮಾತು, ಮತ್ತು ಅಂಜಿಕೆ ಸುಳ್ಳಲ್ಲ. ನಮ್ಮವರಿಗೆ ಮಗನೇ ಪಿಂಚಣಿ, ಮಗಳೇ ದವಾಖಾನೆ. ಯಾಕೆಂದರೆ ಬೇರೆ ಪಿಂಚಣಿ ಎಂಬುದು ಹೆಸರಿಗಷ್ಟೇ. ನೌಕರರ ಪಿಂಚಣಿ ಯೋಜನೆಯಲ್ಲಿ ಸರಕಾರ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಮೂವತ್ತು ವರ್ಷ ಹತ್ತಿಯ ಧೂಳು ನುಂಗಿದವನಿಗೆ ಅದು ಕೆಮ್ಮಿನ ಔಷಧಿಗೂ ಸಾಲದು. ಸಣ್ಣ ವ್ಯಾಪಾರಿಗಳಿಗೆಂದು 2019ರಲ್ಲಿ ಒಂದು ಯೋಜನೆ ಬಂತು: 60 ತುಂಬಿದ ಮೇಲೆ ತಿಂಗಳಿಗೆ 3000 ರೂಪಾಯಿ. ಆದರೆ ಅದಕ್ಕೆ ವ್ಯಾಪಾರಿ ತಿಂಗಳು ತಿಂಗಳು ತನ್ನ ಕಂತು ಕಟ್ಟಬೇಕು. ಸೇರುವಾಗ ವಯಸ್ಸು 40 ದಾಟಿರಬಾರದು. ನಮ್ಮ ಬಜಾರದ ಅರ್ಧ ಗಲ್ಲೆಗಳ ಮೇಲೆ ಕುಳಿತವರು 40 ದಾಟಿದವರೇ.

ಹಾಗಾದರೆ ಮಕ್ಕಳಿದ್ದವರೆಲ್ಲ ಸುಖದಲ್ಲಿದ್ದಾರೆಯೇ? ಇದ್ದಿದ್ದರೆ ತಂದೆತಾಯಿಗಳ ಪಾಲನೆಗಾಗಿ ಸರಕಾರ 2007ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಗುತ್ತಿರಲಿಲ್ಲ. ಹೆತ್ತವರು ಮಗನ ಮೇಲೆ ಅರ್ಜಿ ಹಿಡಿದು ಉಪವಿಭಾಗದ ಕಚೇರಿಯ ಕಟ್ಟೆಯ ಮೇಲೆ ಕೂತದ್ದನ್ನು ನಾನೇ ನೋಡಿದ್ದೇನೆ. ಅದೇ ಕಾಯಿದೆಯಲ್ಲಿ ಬಹಳ ಜನರಿಗೆ ತಿಳಿಯದ ಒಂದು ಮಾತಿದೆ: ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರನಾಗುವ ಸಂಬಂಧಿಕನಿಂದ ಪಾಲನೆಯ ಖರ್ಚು ಕೇಳಬಹುದು. ಮನೆಯುಳ್ಳ ವ್ಯಾಪಾರಿಗಳು ಇದನ್ನು ನೆನಪಿಡುವುದು ಒಳ್ಳೆಯದು. ಚಾಳಿನ ಬಾಡಿಗೆ ಖೋಲಿಯಲ್ಲಿರುವವನಿಗೆ ವಾರಸುದಾರನೆಲ್ಲಿ? ಅವನಿಗೆ ಬೇಕಾದದ್ದು ಮರ್ಯಾದೆಯಿಂದ ಬದುಕುವಷ್ಟು ಪಿಂಚಣಿ. ಅವನು ಮಕ್ಕಳ ತಂದೆಯಾಗಲಿ, ಆಗದಿರಲಿ. ಪಗಾರ ಹೆಚ್ಚಿಸಲು ನಾವು ಕಟ್ಟಿದಷ್ಟು ಮೆರವಣಿಗೆಗಳನ್ನು ಪಿಂಚಣಿಗಾಗಿ ಕಟ್ಟಲಿಲ್ಲ. ಮಗನಿದ್ದಾನಲ್ಲ ಎಂದು ಸುಮ್ಮನಿದ್ದೆವು.

ಸರಕಾರಗಳ ವಿಷಯ ಹೇಳುವುದಾದರೆ, ಅವುಗಳಿಗೆ ನಮ್ಮ ಮನೆಯೊಳಗಿನ ಮಾತು ಯಾವಾಗಲೂ ತಲೆಯೆಣಿಕೆಯ ಮಾತೇ. 1952ರಿಂದ ಕುಟುಂಬ ಯೋಜನೆ ನಡೆಯಿತು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಶಸ್ತ್ರಕ್ರಿಯೆಯಾಯಿತು. ಅನೇಕ ಕಡೆ ಬಡವರನ್ನು ಹಿಡಿದು ತಂದರು. ಈಗ ಗಾಳಿ ತಿರುಗಿದೆ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7ಕ್ಕೆ ಇಳಿದವೆಂದು ಅದೇ ಸಮೀಕ್ಷೆ ಹೇಳಿತು. 2024ರ ಅಕ್ಟೋಬರದಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯಿಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರೆಂದು ಕರೆ ಕೊಟ್ಟರು. ನಿನ್ನೆ ಕಡಿಮೆ ಹೆರಿ, ಇಂದು ಹೆಚ್ಚು ಹೆರಿ! ರಷ್ಯದಲ್ಲಿ ಅದೇ ವರ್ಷದ ನವೆಂಬರದಲ್ಲಿ ಮಕ್ಕಳಿಲ್ಲದ ಬಾಳನ್ನು ಹೊಗಳಿ ಪ್ರಚಾರ ಮಾಡುವುದೇ ಅಪರಾಧವೆಂದು ಕಾಯಿದೆ ಮಾಡಿದರು. ಅಲ್ಲಿ ಇದು ಹೊಸದಲ್ಲ. ಸೋವಿಯತ್ ಸರಕಾರ 1941ರಲ್ಲಿ ಮಕ್ಕಳಿಲ್ಲದವರ ಮೇಲೆ ತೆರಿಗೆ ಹಾಕಿ, ಪಗಾರದಲ್ಲಿ ನೂರಕ್ಕೆ 6ರವರೆಗೂ ಮುರಿದುಕೊಂಡಿತ್ತು. ಅದು ಸಮಾಜವಾದದ ಹೆಸರಿನಲ್ಲಿ ನಡೆದದ್ದು. ಆದುದರಿಂದ ನಾವು ಅದನ್ನು ಮುಚ್ಚಿಡದೆ ತಪ್ಪೆನ್ನಬೇಕು.

ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು, ಇಲ್ಲದಿದ್ದರೆ ನನ್ನ ವಾದ ಅರ್ಧವಾಗುತ್ತದೆ. ಬೇಡವೆನ್ನುವವರೆಲ್ಲ ಮನಸಾರೆ ಬೇಡವೆಂದವರಲ್ಲ. ಗುತ್ತಿಗೆ ಕೆಲಸದ ಇನ್ನೊಬ್ಬ ಹುಡುಗ ನನ್ನೆದುರು ಲೆಕ್ಕ ಹಾಕಿ ತೋರಿಸಿದ: ಖೋಲಿಯ ಬಾಡಿಗೆ, ಹೆರಿಗೆಯ ಖರ್ಚು, ಇಂಗ್ಲಿಷ್ ಶಾಲೆಯ ಫೀ. "ಹ್ಯಾಂಗ ತರೂದ್ರಿ ಕೂಸನ್ನ?" ಎಂದ. ಅವನ ಹೆಂಡತಿ ಮಾತಾಡಲಿಲ್ಲ. ಎದುರು ಮನೆಯ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಇವರದನ್ನು ಆಯ್ಕೆ ಎಂದು ನಾನು ಕರೆಯಲಾರೆ. ಪಗಾರ ಮುರಿದಂತೆ ಇವರ ಕೂಸನ್ನೂ ಯಾರೋ ಮುರಿದುಕೊಂಡಿದ್ದಾರೆ. ಹೊಲಿಗೆಯವಳ "ಬ್ಯಾಡ" ಬೇರೆ, ಈ ಹುಡುಗನ "ಬ್ಯಾಡ" ಬೇರೆ. ಮೊದಲನೆಯದಕ್ಕೆ ಮರ್ಯಾದೆ ಕೊಡಬೇಕು, ಎರಡನೆಯದಕ್ಕಾಗಿ ಜಗಳಾಡಬೇಕು. ಎರಡನ್ನೂ ಒಂದೇ ಚೀಲದಲ್ಲಿ ತುಂಬಿ "ಈಗಿನ ಕಾಲದ ಹುಡುಗರು" ಎಂದು ಕಟ್ಟಿಡುವ ಹಿರಿಯರಿಗೆ ಎರಡೂ ತಿಳಿಯಲಿಲ್ಲವೆಂದೇ ಹೇಳಬೇಕು.

ಬರುವ ಗುರುವಾರ ನಮ್ಮ ಓಣಿಯಲ್ಲಿ ನನ್ನ ತಂಗಿಯ ಕುಬುಸವಿದೆ. ಕುಬುಸವನ್ನು ಹೊಲಿಯಲು ಅದೇ ಹೆಣ್ಣುಮಗಳಿಗೆ ಕೊಟ್ಟಿದ್ದೇವೆ, ಈ ಸಲ ಕೂಲಿ ಕೊಟ್ಟು. ಮೊದಲ ಉಡಿ ಅವಳೇ ತುಂಬಬೇಕೆಂದು ನನ್ನ ಹೆಂಡತಿ ಹೇಳಿದ್ದಾಳೆ, ತಂಗಿ ಒಪ್ಪಿದ್ದಾಳೆ. ನನ್ನ ತಾಯಿ ಇನ್ನೂ ಒಪ್ಪಿಲ್ಲ, ಎರಡು ದಿನದಿಂದ ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಕೆಲವರು ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾರೆ. ಹೋಳಿಗೆಗೆ ಹೂರಣವನ್ನು ಅಷ್ಟಕ್ಕೆ ಕಡಿಮೆ ಮಾಡಿದರಾಯಿತು.