ಹಿಂದಿನ ಸಾಲಿಗೂ ಕೇಳಲಿ ಅಂತ ಏಳು ತಂತಿ

1/5
ಹೋದ ವಾರ ಮೊದಲ ಸಲ ಬೆಂಗಳೂರಿನ ಚೌಡಯ್ಯ ಮೆಮೋರಿಯಲ್ ಹಾಲ್‌ಗೆ ಹೋಗಿದ್ದೆ, ಕರ್ನಾಟಕ ಸಂಗೀತ ಕಛೇರಿಗೆ. ಪಿಟೀಲಿನ ಆಕಾರದಲ್ಲೇ ಕಟ್ಟಿರೋ ಕಟ್ಟಡ, 1980ರದ್ದು. ಪಕ್ಕದ ಸೀಟಿನ ಅಂಕಲ್ ಯಾವೂರು ಅಂದ್ರು. ಮದ್ದೂರು ಅಂದೆ. "ಓ, ಮದ್ದೂರು ವಡೆ! ನಿಮ್ ಕಡೆಯವ್ರಿಗೆ ಇದೆಲ್ಲ ಅರ್ಥ ಆಗುತ್ತಾ?" ಅಂತ ನಕ್ಕರು. ನಾನೂ ನಕ್ಕೆ. ರೈಲು ಹತ್ತಿದ ಮೇಲೆ ಸಿಟ್ಟು ಬಂತು. ಅದಕ್ಕೇ ಈ ಪೋಸ್ಟ್. ಉದ್ದ ಇದೆ, ಓದಿ.

2/5
ಮೊದಲು ಆ ಹಾಲ್‌ಗೆ ಯಾರ ಹೆಸರಿಟ್ಟಿದ್ದಾರೆ ನೋಡಿ. ಟಿ. ಚೌಡಯ್ಯ. 1895ರಲ್ಲಿ ಹುಟ್ಟಿದವರು, ಊರು ತಿರುಮಕೂಡಲು ನರಸೀಪುರ. ನಮ್ಮ ಮಳವಳ್ಳಿಗೆ ಪಕ್ಕದ ತಾಲ್ಲೂಕು! ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೆ ಪಿಟೀಲು ಸರಿಯಾಗಿ ಕೇಳ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದ್ರು. ಹಿಂದಿನ ಸಾಲಿಗೂ ಕೇಳಲಿ ಅಂತ. ಅವರ ಹೆಸರಿನ ಹಾಲ್‌ನಲ್ಲಿ ಕೂತು, ಹಿಂದಿನ ಸಾಲಿನವರಿಗೆ ಅರ್ಥ ಆಗುತ್ತಾ ಅಂತ ಕೇಳೋದಾ?

3/5
ಅರ್ಥದ ವಿಷಯಕ್ಕೇ ಬರೋಣ. ನಮ್ಮ ಚಿಕ್ಕಪ್ಪ ಬೇಸಾಯಗಾರರು. ಊರಲ್ಲಿ ಕುರುಕ್ಷೇತ್ರ ನಾಟಕ ಆಡಿದಾಗ ಕೃಷ್ಣನ ಪಾತ್ರ ಅವರದ್ದೇ. ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು ಕಲೀತಾರೆ. ಅವು ರಾಗಗಳಲ್ಲದೆ ಇನ್ನೇನು? ಅವತ್ತು ಕಛೇರಿಲಿ ಮೋಹನ ಶುರುವಾದ ತಕ್ಷಣ ಮೈ ಜುಮ್ಮೆಂತು. ಚಿಕ್ಕಪ್ಪ ರಂಗಕ್ಕೆ ಬರೋ ಹಾಡಿನ ರಾಗ! ಹೆಸರು ಗೊತ್ತಾಗಿದ್ದು ಅವತ್ತು, ಕಿವಿಗೆ ಗೊತ್ತಿದ್ದದ್ದು ಚಿಕ್ಕಂದಿನಿಂದ.

4/5
ತನಿ ಆವರ್ತನ ಶುರುವಾಯ್ತು. ಮೃದಂಗದವರು ಜೀವ ತೇದು ನುಡಿಸ್ತಿದ್ರೆ ಸುಮಾರು ಜನ ಕಾಫಿಗೆ ಎದ್ದರು. ನಾನೂ ಎದ್ದೆ. ಕಾಫಿಗಲ್ಲ, ರೈಲಿಗೆ. ಆ ಅಂಕಲ್ "ನೋಡಿದ್ಯಾ, ಅರ್ಥ ಆಗ್ಲಿಲ್ಲ" ಅಂದ್ಕೊಂಡಿರ್ತಾರೆ. ಮಂಡ್ಯ, ಮದ್ದೂರಿಗೆ ರೈಲಾದ್ರೂ ಇದೆ. ಮಳವಳ್ಳಿಗೆ ಅದೂ ಇಲ್ಲ, ಬಸ್ಸೇ ಗತಿ. ಬಿಕಾಂ ಓದ್ತಿದೀನಿ, ಲೆಕ್ಕ ಹೇಳ್ತೀನಿ: ನಮಗೆ ದುಬಾರಿ ಆಗಿರೋದು ಟಿಕೆಟ್ ಅಲ್ಲ, ದಾರಿ ಮತ್ತೆ ಹೊತ್ತು.

5/5
"ಮಂಡ್ಯದಲ್ಲಿ ಕಛೇರಿ ಇಟ್ರೆ ಯಾರು ಬರ್ತಾರೆ" ಅನ್ನೋರಿಗೆ: ರಾತ್ರಿಯಿಡೀ ಚಾಪೆ ಮೇಲೆ ಕೂತು ನಾಟಕದ ಹಾಡಿಗೆ ಒನ್ಸ್ ಮೋರ್ ಕೂಗೋ ಜನ ಬರ್ತಾರೆ. ಮಂಡ್ಯದಲ್ಲಿ ಕಲಾಮಂದಿರ ಇದೆ. ಭಾನುವಾರ ಮಧ್ಯಾಹ್ನ ಇಡಿ, ಬಸ್ಸಿರೋ ಹೊತ್ತಿಗೆ ಮುಗಿಸಿ. ಹಾಡೋ ಮುಂಚೆ ರಾಗದ ಹೆಸರು ಹೇಳಿ, ಸಾಕು.

ನಮ್ಮವರಿಗೂ ಒಂದು ಮಾತು. "ಅದೆಲ್ಲ ದೊಡ್ಡೋರದ್ದು ಕಣಪ್ಪ, ನಮಗ್ಯಾಕೆ" ಅನ್ನೋದು ಬಿಡಿ. ಹಂಗೆ ಅಂದು ಅಂದೇ ಮುಂದಿನ ಸಾಲು ಬಿಟ್ಟುಕೊಟ್ಟಿದ್ದು ನಾವೇ. ಮುಂದಿನ ಸಲ ಚಿಕ್ಕಪ್ಪನ್ನೂ ಕರ್ಕೊಂಡು ಹೋಗ್ತೀನಿ. ಮಳವಳ್ಳಿ ಕಡೆಯವ್ರು ಯಾರು ಬರ್ತೀರಾ? ಕಾಮೆಂಟ್ ಹಾಕಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಚೌಡಯ್ಯ #ಹಿಂದಿನಸಾಲು